ಚಂದ್ರಮತಿ ಬಾಯಿ ಆರಿಸಿದ ನಿಘಂಟು

ಉಗಾರ ಬುದ್ರುಕದಲ್ಲಿ ಚಂದ್ರಮತಿಯ ಮಾತು ಬಂದರೆ ಜನ ಎರಡು ಸುದ್ದಿ ಹೇಳುತ್ತಾರೆ. ಗಂಡನ ಮನೆಯಿಂದ ಹನ್ನೊಂದೇ ತಿಂಗಳಿಗೆ ತಿರುಗಿ ಬಂದವಳು ಅನ್ನುವುದು ಒಂದು, ಜಪಾನಿ ಭಾಷೆ ಕಲಿತವಳು ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ, ಎರಡೂ ಒಂದೇ ಜಾತಿಯ ತಪ್ಪು ಅನ್ನುವ ಹಾಗೆ. ಮೊದಲನೆಯದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಎರಡನೆಯದರಲ್ಲಿ ಇತ್ತು. ಆದರೆ ಕಲಿತದ್ದು ತಪ್ಪಾಗಿರಲಿಲ್ಲ, ಕಲಿಯಲೆಂದು ಆರಿಸಿಕೊಂಡ ಪುಸ್ತಕ ತಪ್ಪಾಗಿತ್ತು.

ಅವಳು ಊರಿನ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯ ಶಿಕ್ಷಕಿ. ಆ ಕಡೆ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುತ್ತಾರೆ, ಹಾಗಾಗಿ ಅವಳು ಚಂದ್ರಮತಿ ಬಾಯಿ. ಇದ್ದದ್ದು ತಮ್ಮ ತವನಪ್ಪನ ಮನೆಯಲ್ಲಿ. ತವನಪ್ಪ ಕಬ್ಬು ಬೆಳೆಯುವ ಮೆತ್ತನೆಯ ಮನುಷ್ಯ, ಅಕ್ಕನ ಎದುರು ಎರಡನೆಯ ಮಾತು ಆಡಿದವನಲ್ಲ. ಊರಿನ ಬಸದಿಯ ಕೀಲಿ ಅವನ ಹತ್ತಿರ ಇತ್ತು. ಬಸದಿಯ ಒಳಗಿನ ಕಪಾಟಿನಲ್ಲಿ ಅರಿವೆಯಲ್ಲಿ ಸುತ್ತಿಟ್ಟ ತಾಳೆಗರಿ ಕಟ್ಟುಗಳಿದ್ದವು. ವರ್ಷಕ್ಕೊಮ್ಮೆ ಅವುಗಳಿಗೆ ಪೂಜೆ ಆಗುತ್ತಿತ್ತು. ಓದುವವರು ಯಾರೂ ಇರಲಿಲ್ಲ.

ಅವನ್ನು ಓದಲೆಂದು ಎರಡು ಸಾವಿರದ ಎರಡರ ಡಿಸೆಂಬರಿನಲ್ಲಿ ಜಪಾನಿನಿಂದ ಫುಮಿಕೊ ಎಂಬ ಹೆಂಗಸು ಬಂದಿಳಿದರು. ಐವತ್ತನಾಲ್ಕು ವರ್ಷ, ಕುಳ್ಳು ದೇಹ, ತಲೆಗೆ ಹತ್ತಿಯ ಟೋಪಿ. ಮದುವೆಯಾಗಿರಲಿಲ್ಲ. ಯಾವುದೋ ವಿದ್ಯಾಪೀಠದಲ್ಲಿ ಪ್ರಾಕೃತ ಕಲಿಸುತ್ತಿದ್ದರಂತೆ. ಊರಿಗೆ ಊರೇ ನೋಡಲು ಬಂತು. ನಮ್ಮ ಧರ್ಮದ ಗ್ರಂಥ ಹುಡುಕಿಕೊಂಡು ಬಂದಿದ್ದಾರೆ ಎಂದು ಜೈನರು ಬೀಗಿದರು. ಜಪಾನಿನವರು ಅಂದ ಮೇಲೆ ಬುದ್ಧನ ಕಡೆಯವರು, ಆದ್ದರಿಂದ ನಮ್ಮವರು ಎಂದು ಬೌದ್ಧರ ಓಣಿಯವರು ಚಹಾಕ್ಕೆ ಕರೆದರು. ಫುಮಿಕೊ ಎರಡೂ ಕಡೆ ಹೋಗಿ ಎರಡೂ ಕಡೆ ತಲೆ ಬಾಗಿಸಿ ಬಂದರು. ವಾರದೊಳಗೆ ಅವರ ಹೆಸರು ಪುಮಕ್ಕ ಆಗಿತ್ತು.

ಬಸದಿಯ ಕೀಲಿ ತವನಪ್ಪನ ಹತ್ತಿರ ಇದ್ದುದರಿಂದ ಅವರು ಉಳಿದದ್ದೂ ತವನಪ್ಪನ ಮನೆಯ ಮಾಳಿಗೆಯ ಕೋಣೆಯಲ್ಲಿ. ಶಾಲೆ ಬಿಟ್ಟ ಮೇಲೆ ಚಂದ್ರಮತಿ ಬಸದಿಗೆ ಹೋಗಿ ಅವರ ಎದುರು ಕೂಡುತ್ತಿದ್ದಳು. ತಾಳೆಗರಿಯ ಹಳಗನ್ನಡ ಸಾಲು ಬಂದಾಗ ಫುಮಿಕೊ ತಡವರಿಸುತ್ತಿದ್ದರು, ಇವಳು ಒಡೆದು ಹೇಳುತ್ತಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು ಎಂಬ ಮನೆಯ ರೀತಿಗೆ ಅವರೂ ಹೊಂದಿಕೊಂಡರು. ಕನ್ನಡವನ್ನಂತೂ ಚಂದ್ರಮತಿಯ ಬಾಯಿಂದಲೇ ಎತ್ತಿಕೊಂಡರು. ಪಂಚಾಯತಿ ಅಧ್ಯಕ್ಷರು ಬಂದು ಆರೋಗ್ಯ ಹೇಗಿದೆ ಎಂದು ಕೇಳಿದರೆ, "ಆರಾಮ ಅದೇನಿ ಬೇ, ನೀ ಹ್ಯಾಂಗದಿ?" ಅನ್ನುತ್ತಿದ್ದರು. ಹೆಂಗಸರು ಹೆಂಗಸರನ್ನು ಕರೆಯುವ ಆ ಬೇ ಕೇಳಿ ಅಧ್ಯಕ್ಷರು ಮುಖ ಎತ್ತ ತಿರುಗಿಸಬೇಕೋ ತಿಳಿಯದೆ ನಗುತ್ತಿದ್ದರು.

ಚಂದ್ರಮತಿಗೆ ಆಗ ಮೂವತ್ತೆಂಟು. ಅಲ್ಲಿಯವರೆಗೆ ಅವಳಿಗೆ ಗೆಳತಿ ಅಂತ ಒಬ್ಬಳೂ ಇರಲಿಲ್ಲ. ತಿರುಗಿ ಬಂದ ಹೆಣ್ಣಿನ ಜೊತೆ ಊರ ಹೆಂಗಸರು ಮಾತಾಡುತ್ತಾರೆ, ಆದರೆ ಮನಸ್ಸು ಬಿಚ್ಚುವುದಿಲ್ಲ. ಒಂದು ಪದ್ಯ ಓದಿ, "ನಿನಗ ಏನ ಅನಸ್ತೈತಿ ಹೇಳು" ಎಂದು ಕೇಳಿದ ಮೊದಲ ಮನುಷ್ಯರು ಫುಮಿಕೊ. ಮೊದಲ ಸಲ ಅವರು ಕೇಳಿದಾಗ ಚಂದ್ರಮತಿ ಹೊರಗೆ ಎದ್ದು ಹೋಗಿ ಕಣ್ಣೊರೆಸಿಕೊಂಡು ಬಂದಿದ್ದಳು.

ಎಂಟು ತಿಂಗಳಾದ ಮೇಲೆ ಫುಮಿಕೊ ಹೋದರು. ಹೋಗುವ ಮೊದಲು ಇಬ್ಬರೂ ಒಂದು ಕರಾರು ಮಾಡಿಕೊಂಡರು. ಫುಮಿಕೊ ಕನ್ನಡದಲ್ಲಿ ಪತ್ರ ಬರೆಯಬೇಕು, ಚಂದ್ರಮತಿ ಜಪಾನಿಯಲ್ಲಿ. ಬಸದಿಯ ಪಡಸಾಲೆಯಲ್ಲಿ ಅಕ್ಷರ ಕಲಿಸಿಯಾಗಿತ್ತು. ಒಂದು ಪಠ್ಯಪುಸ್ತಕ, ಒಂದು ಜಪಾನಿ–ಇಂಗ್ಲಿಷ್ ನಿಘಂಟು ಬಿಟ್ಟು ಹೋದರು. ಚಂದ್ರಮತಿಯ ಇಂಗ್ಲಿಷು ಅಷ್ಟಕ್ಕಷ್ಟೆ. ಜಪಾನಿ ಶಬ್ದಕ್ಕೆ ಇಂಗ್ಲಿಷಿನಲ್ಲಿ ಅರ್ಥ ನೋಡಿ, ಆ ಇಂಗ್ಲಿಷಿಗೆ ಕನ್ನಡದಲ್ಲಿ ಅರ್ಥ ನೋಡಿ, ಎರಡು ಹೊಳೆ ದಾಟಿ ಒಂದು ವಾಕ್ಯ ತಲುಪುತ್ತಿದ್ದಳು. ಆದರೂ ಬಿಡಲಿಲ್ಲ. ಎರಡು ಸಾವಿರದ ಐದರಲ್ಲಿ ಕೃಷ್ಣೆಯ ಮಹಾಪೂರ ಬಂದು ಓಣಿಯಲ್ಲಿ ನೀರು ನಿಂತಾಗ ತವನಪ್ಪ ಜೋಳದ ಚೀಲ ಮಾಳಿಗೆಗೆ ಹೊರುತ್ತಿದ್ದ, ಅಕ್ಕ ಅವನಿಗಿಂತ ಮೊದಲು ಪತ್ರದ ಡಬ್ಬಿ ಹೊತ್ತುಕೊಂಡು ಹತ್ತಿದ್ದಳು.

ಮರುವರ್ಷ ಫುಮಿಕೊ ತಮ್ಮ ಗುಂಡು ಗುಂಡು ಕನ್ನಡದಲ್ಲಿ ಬರೆದರು: "ಚಂದ್ರಮತಿ, ಈಗ ನೀ ದೊಡ್ಡಾಕಿ ಆದಿ. ಇಂಗ್ಲಿಷ್ ಕೈ ಬಿಡು. ಜಪಾನಿ ಶಬ್ದಕ್ಕ ಜಪಾನಿಯೊಳಗ ಅರ್ಥ ಹೇಳೂ ನಿಘಂಟು ಇರ್ತಾವ. ಅಂಥಾದ್ದೊಂದು ತೊಗೊ. ನೋಡಿ ಆರಿಸು, ಅವಸರ ಮಾಡಬ್ಯಾಡ." ಚಂದ್ರಮತಿ ಆ ಪತ್ರವನ್ನು ಶಾಲೆಯ ಸಹಶಿಕ್ಷಕರಿಗೆಲ್ಲ ಓದಿ ತೋರಿಸಿದಳು. ದೊಡ್ಡಾಕಿ ಆದಿ ಎಂಬ ಮಾತನ್ನು ಎರಡು ಸಲ ಓದಿದಳು.

ಅವಸರ ಮಾಡಲಿಲ್ಲ, ನಿಜ. ಆದರೆ ನಡುವೆ ಇನ್ನೊಂದು ಕೆಲಸ ಮಾಡಿಬಿಟ್ಟಳು. ಎರಡು ಸಾವಿರದ ಏಳರಲ್ಲಿ ಊರಿಗೆ ಒಬ್ಬ ಮುನಿಮಹಾರಾಜರು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಅವರು ಇರುವಷ್ಟು ದಿನ ಶ್ರಾವಕರು ಒಬ್ಬೊಬ್ಬರಾಗಿ ಹೋಗಿ, ಕಾಯಿ ಮುಂದಿಟ್ಟು, ಒಂದೊಂದು ನೇಮ ತೆಗೆದುಕೊಳ್ಳುವುದು ಪದ್ಧತಿ. ತಮಗೆ ಪ್ರಿಯವಾದ ಏನನ್ನಾದರೂ ಬಿಡಬೇಕು. ಚಂದ್ರಮತಿ ಹೋದ ದಿನ ಊರ ಹಿರಿಯ ರಾವಸಾಹೇಬ ಜೀವನಪರ್ಯಂತ ಹಲಸಿನ ಹಣ್ಣು ಬಿಟ್ಟರು. ಉಗಾರದಲ್ಲಿ ಹಲಸಿನ ಹಣ್ಣು ಕಂಡವರೇ ಇಲ್ಲ. ಇನ್ನೊಬ್ಬರು ಹಡಗಿನ ಪ್ರಯಾಣ ಬಿಟ್ಟರು. ತವನಪ್ಪ ಬದನೆಕಾಯಿ ಬಿಟ್ಟ. ಸಾಲಿನಲ್ಲಿ ಕುಳಿತ ಚಂದ್ರಮತಿಗೆ ಮೈ ಉರಿಯಿತು. ತನ್ನ ಸರದಿ ಬಂದಾಗ ಎದ್ದು ನಿಂತು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದಳು:

"ನನಗ ಪುಸ್ತಕ ಅಂದ್ರ ಜೀವ್ರಿ ಮಹಾರಾಜರ. ನನ್ನ ಸಲುವಾಗಿ ಇನ್ನೊಂದ ಪುಸ್ತಕ ಮನಿಗೆ ತರ್ತೇನಿ. ಅದಾದ ಮ್ಯಾಲ ಸಾಯೂತನಕ ಮತ್ತೊಂದ ತರೂದಿಲ್ಲ."

ಮಹಾರಾಜರು ಎಚ್ಚರಿಸಿದರು. "ವಿಚಾರ ಮಾಡಿ ಹೇಳವ್ವಾ. ತೊಗೊಳ್ಳೂದು ಸರಳ ಐತಿ, ನಡಸೂದು ಕಠಿಣ."

"ಮಾಡೇನ್ರಿ," ಎಂದಳು. ಮಾಡಿರಲಿಲ್ಲ.

ಮನೆಗೆ ಬರುವಾಗ ತವನಪ್ಪ ಮೆಲ್ಲಗೆ ಕೇಳಿದ. "ಹಂಗ್ಯಾಕ ಅಂದ್ಯಕ್ಕಾ? ನೀನೂ ಬದನಿಕಾಯಿ ಬಿಟ್ಟಿದ್ರ ನಡೀತಿತ್ತಲ್ಲ?"

"ಬದನಿಕಾಯಿ ನಿನಗ ಮೊದಲಿಂದ ಸೇರೂದಿಲ್ಲ. ಅದೂ ಒಂದ ತ್ಯಾಗೇನ?"

ಆ ಒಂದು ಪುಸ್ತಕ ಯಾವುದು ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಜಪಾನಿಯಲ್ಲೇ ಅರ್ಥ ಹೇಳುವ ನಿಘಂಟು. ಯಾವ ನಿಘಂಟು ಎನ್ನುವುದೊಂದೇ ಉಳಿದಿತ್ತು, ಮತ್ತು ಈಗ ಆ ಆಯ್ಕೆ ಜೀವಮಾನದಲ್ಲಿ ಒಂದೇ ಸಲದ್ದು.

ಎರಡು ಸಾವಿರದ ಎಂಟರ ಜನವರಿಯಲ್ಲಿ ಫುಮಿಕೊ ಅವರ ತಮ್ಮನ ಮಗಳು ಇಂಗ್ಲಿಷಿನಲ್ಲಿ ಪತ್ರ ಬರೆದಳು. ಅತ್ತೆಗೆ ಲಕ್ವಾ ಹೊಡೆದಿದೆ. ಬಲಗೈ ಬಿದ್ದುಹೋಗಿದೆ. ಮಾತು ನಿಂತಿದೆ. ಆಮೇಲೆ ಕಲಿತ ಭಾಷೆಗಳೆಲ್ಲ, ಇಂಗ್ಲಿಷು, ಪ್ರಾಕೃತ, ಕನ್ನಡ, ಅಳಿಸಿಹೋಗಿವೆ. ತಾಯಿನುಡಿ ಮಾತ್ರ ತುಣುಕು ತುಣುಕಾಗಿ ಬರುತ್ತಿದೆ. ಪತ್ರ ಮುಗಿಸಿದ ಚಂದ್ರಮತಿ ಶಾಲೆಗೆ ಹೋಗಿ ಮಕ್ಕಳಿಗೆ ಭಾಗಾಕಾರ ಹೇಳಿಕೊಟ್ಟಳು, ಮನೆಗೆ ಬಂದು ಎರಡು ದಿನ ಊಟ ಬಿಟ್ಟಳು. ತನ್ನ ಬಾಯಿಂದ ಹೋದ ಕನ್ನಡ, ಅದೂ ಆ ಬೇ–ಲೇ ಎಲ್ಲ, ದೂರದೇಶದ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ ಸತ್ತುಹೋಯಿತು ಎಂದು ಅವಳಿಗೆ ಅನ್ನಿಸಿತು. ಇನ್ನು ಇಬ್ಬರ ನಡುವೆ ಉಳಿದದ್ದು ಜಪಾನಿಯೊಂದೇ. ತಾನು ಅದನ್ನು ಚೆನ್ನಾಗಿ ಕಲಿತರೆ ಪುಮಕ್ಕ ಉಳಿಯುತ್ತಾರೆ, ಕಲಿಯದಿದ್ದರೆ ಹೋಗುತ್ತಾರೆ. ಅವಳು ನಂಬಿದ್ದು ಇಷ್ಟೆ.

ಏಪ್ರಿಲ್‌ನಲ್ಲಿ ಫುಮಿಕೊ ಅವರದೇ ಪತ್ರ ಬಂತು. ಎಡಗೈಯಲ್ಲಿ ಬರೆದ ಜಪಾನಿ ಅಕ್ಷರಗಳು ಒಂದನೆಯ ಇಯತ್ತೆಯ ಪಾಟಿಯ ಹಾಗೆ ಡೊಂಕಾಗಿದ್ದವು. ಚಂದ್ರಮತಿ ಅರ್ಧ ದಿನ ಕೂತು ಬಿಡಿಸಿದಳು. ಮಾತು ಹೋಯಿತು, ಸ್ವಲ್ಪ ಸ್ವಲ್ಪ ಬರುತ್ತಿದೆ. ಚಿಕ್ಕ ಮಕ್ಕಳ ನಿಘಂಟು ಇಟ್ಟುಕೊಂಡು ನನ್ನ ಭಾಷೆಯನ್ನೇ ಮತ್ತೆ ಕಲಿಯುತ್ತಿದ್ದೇನೆ. ನೀನೂ ಇದನ್ನೇ ತೆಗೆದುಕೊ. ಇಬ್ಬರ ಹತ್ತಿರ ಒಂದೇ ಪುಸ್ತಕ ಇದ್ದರೆ ನನಗೆ ಧೈರ್ಯ. ಕೆಳಗೆ ನಿಘಂಟಿನ ಹೆಸರು ಬರೆದು, ತಮ್ಮನ ಮಗಳ ಕೈಯಿಂದ ಅದರ ಕೆಂಪು ರಟ್ಟಿನ ಚಿತ್ರವನ್ನೂ ಅಂಟಿಸಿದ್ದರು.

ಚಿಕ್ಕ ಮಕ್ಕಳ ನಿಘಂಟು. ಆ ಮಾತು ಅವಳಿಗೆ ಚುಚ್ಚಿತು. ಎರಡು ವರ್ಷದ ಹಿಂದೆ ದೊಡ್ಡಾಕಿ ಆದಿ ಎಂದವರು ಇವರೇ ತಾನೆ? ಐದು ವರ್ಷ ಕಲಿತಿದ್ದು ನಾಲ್ಕನೆಯ ಇಯತ್ತೆಯ ಪುಸ್ತಕಕ್ಕೆ ಬಂದು ನಿಲ್ಲಬೇಕೆ? ರೋಗಿಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದುಕೊಂಡಳು, ಹಚ್ಚಿಕೊಂಡಳು. ಧೈರ್ಯದ ಸಾಲನ್ನು ಓದಿದಳು, ದಾಟಿ ಹೋದಳು.

ಮೇ ತಿಂಗಳ ರಜೆಯಲ್ಲಿ ರೈಲು ಹಿಡಿದು ಮಿರಜ ದಾಟಿ ಪುಣೆಗೆ ಹೋದಳು. ಜಪಾನಿ ಪುಸ್ತಕ ತರಿಸಿ ಮಾರುವ ಒಂದು ಸಣ್ಣ ಅಂಗಡಿ ಅಲ್ಲಿದೆ ಎಂದು ವಿಚಾರಿಸಿಕೊಂಡಿದ್ದಳು. ಅಂಗಡಿಯ ಹೆಂಗಸು ಮೂರು ನಿಘಂಟು ತೆಗೆದು ಮೇಜಿನ ಮೇಲಿಟ್ಟಳು. ಒಂದು ಅದೇ ಕೆಂಪು ರಟ್ಟಿನದು. ದಪ್ಪ ಅಕ್ಷರ, ನಡುನಡುವೆ ಚಿತ್ರ, ಕಠಿಣ ಲಿಪಿಯ ಪಕ್ಕದಲ್ಲೆಲ್ಲ ಸುಲಭ ಅಕ್ಷರದಲ್ಲಿ ಉಚ್ಚಾರ. ಎರಡನೆಯದು ಮಧ್ಯಮ. ಮೂರನೆಯದನ್ನು ಎತ್ತಲು ಎರಡು ಕೈ ಬೇಕಾಗಿತ್ತು.

ಚಂದ್ರಮತಿ ಮೂರರಲ್ಲೂ ಒಂದೇ ಶಬ್ದ ನೋಡಿದಳು. ಹೊಳೆ. ಕೆಂಪು ಪುಸ್ತಕ ಹೇಳಿತು: ನೀರು ತಗ್ಗಿನ ಕಡೆ ಹರಿದು ಹೋಗುವ ದಾರಿ. ಅಷ್ಟೆ, ಪಕ್ಕದಲ್ಲಿ ಒಂದು ಸೇತುವೆಯ ಚಿತ್ರ. ಮಧ್ಯಮದ್ದು ಮೂರು ಸಾಲು ಹೇಳಿತು. ದೊಡ್ಡದರಲ್ಲಿ ಹೊಳೆ ಒಂದು ಇಡೀ ಅಂಕಣ ತುಂಬಿ ಹರಿದಿತ್ತು. ಹಳೆಯ ಪದ್ಯಗಳ ಸಾಲು, ಹಳೆಯ ರೂಪಗಳು, ಯಾವ ಕಾಲದಲ್ಲಿ ಯಾರು ಹೇಗೆ ಬಳಸಿದರು ಎಂಬುದೆಲ್ಲ. ಅದರಲ್ಲಿ ಅವಳಿಗೆ ಓದಲು ಬಂದದ್ದು ಹತ್ತರಲ್ಲಿ ಎರಡು. ಆದರೆ ನೋಡುತ್ತ ನೋಡುತ್ತ ತಾಳೆಗರಿಯ ಮುಂದೆ ಕುಳಿತ ಪುಮಕ್ಕ ಕಣ್ಣಿಗೆ ಬಂದರು. ಇದು ಅವರ ಪುಸ್ತಕ. ಆ ಕೆಂಪು ಪುಸ್ತಕ ಅವರ ರೋಗದ್ದು.

ಅಂಗಡಿಯ ಹೆಂಗಸಿಗೆ ಗಿರಾಕಿಯ ಮುಖ ನೋಡಿಯೇ ತಿಳಿಯಿತು. "ಬಾಯಿ, ಹೇ ಘೇವೂ ನಕಾ. ಹೇ ಪ್ರೊಫೆಸರ ಲೋಕಾಂಚಂ ಆಹೇ," ಎಂದಳು. ಇದು ಪ್ರೊಫೆಸರರ ಪುಸ್ತಕ, ಬೇಡ ಎಂದು. ಜಪಾನಿ ಜನ ಕೂಡ ಇದನ್ನು ಕಪಾಟಿನಲ್ಲಿ ಇಡುತ್ತಾರೆಯೇ ಹೊರತು ದಿನಾ ತೆರೆಯುವುದಿಲ್ಲ ಎಂದೂ ಹೇಳಿದಳು.

ಚಂದ್ರಮತಿ ಅಂಗಡಿಯ ಸ್ಟೂಲಿನ ಮೇಲೆ ಒಂದು ತಾಸು ಕುಳಿತಳು. ಅವಳ ತರ್ಕ ಪೂರ್ತಿ ಕೆಟ್ಟದ್ದೂ ಅಲ್ಲ. ನೇಮದ ಪ್ರಕಾರ ಸಿಗುವುದು ಒಂದೇ. ಚಿಕ್ಕದು ಕೊಂಡರೆ ಎರಡು ವರ್ಷದಲ್ಲಿ ಮುಗಿಯುತ್ತದೆ, ಪುಮಕ್ಕ ಅಷ್ಟರಲ್ಲಿ ಹುಷಾರಾಗಿ ಮೊದಲಿನ ಹಾಗೆ ದೊಡ್ಡ ದೊಡ್ಡ ಮಾತು ಬರೆಯತೊಡಗುತ್ತಾರೆ, ಆಗ ತನ್ನ ಕೈಯಲ್ಲಿ ಮಕ್ಕಳ ಪುಸ್ತಕ, ಮತ್ತೊಂದು ತರುವ ದಾರಿ ಬಂದ್. ಒಂದೇ ಕೊಡ ನೀರು ಸಿಗುವ ದಿನ ಯಾರಾದರೂ ತಂಬಿಗೆ ಒಯ್ಯುತ್ತಾರೆಯೇ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳದೆ ಬಿಟ್ಟದ್ದು ಒಂದಿತ್ತು. ಚಿತ್ರದ ಪುಸ್ತಕ ಹಿಡಿದು ಊರಿಗೆ ಹೋದರೆ, ಇದಕ್ಕಾಗಿ ಅಷ್ಟು ದೊಡ್ಡ ನೇಮ ತೆಗೆದುಕೊಂಡಳೇ ಎಂದು ರಾವಸಾಹೇಬ ನಗುತ್ತಾರೆ.

ದೊಡ್ಡದನ್ನು ತಂದಳು. ತವನಪ್ಪ ಉಗಾರ ಖುರ್ದದ ಸ್ಟೇಷನ್ನಿಗೆ ಬಂದು ಅದನ್ನು ಹೆಗಲ ಮೇಲೆ ಹೊತ್ತು ತಂದ. ಓಣಿಯ ಜನ ಬಂದು ಮುಟ್ಟಿ ನೋಡಿ ಹೋದರು.

ಫುಮಿಕೊಗೆ ಬರೆದಳು: "ನಿಮ್ಮ ಮಾತಿನಂತೆ ನಿಘಂಟು ತಂದೆ. ದಿನಾ ತೆರೆಯುತ್ತಿದ್ದೇನೆ." ಎರಡೂ ವಾಕ್ಯ ಜಪಾನಿಯಲ್ಲಿ ತಪ್ಪಿಲ್ಲದೆ ಬಂದವು. ಯಾವ ನಿಘಂಟು ಎಂದು ಬರೆಯಲಿಲ್ಲ. ಆಮೇಲೆ ಬರೆದರಾಯಿತು ಎಂದುಕೊಂಡಳು.

ದೊಡ್ಡ ನಿಘಂಟು ಅವಳನ್ನು ಒಳಗೆ ಬಿಡಲಿಲ್ಲ. ಒಂದು ಶಬ್ದದ ಅರ್ಥ ನೋಡಲು ಹೋದರೆ ಆ ಅರ್ಥದಲ್ಲಿ ಗೊತ್ತಿಲ್ಲದ ಐದು ಶಬ್ದ. ಅವುಗಳಲ್ಲಿ ಒಂದನ್ನು ಹುಡುಕಿದರೆ ಇನ್ನೂ ಐದು. ಶಬ್ದಗಳನ್ನು ಜೋಡಿಸಿದ್ದು ಉಚ್ಚಾರದ ಕ್ರಮದಲ್ಲಿ, ಆದರೆ ಲಿಪಿಯ ಪಕ್ಕದಲ್ಲಿ ಉಚ್ಚಾರವಿಲ್ಲ, ಆದ್ದರಿಂದ ಹುಡುಕುವುದು ಎಲ್ಲಿ ಎನ್ನುವುದೇ ತಿಳಿಯುವುದಿಲ್ಲ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದಳು. ಹಟದ ಹೆಣ್ಣು. ರವಿವಾರವೆಲ್ಲ ಕುಳಿತಳು, ಕನ್ನಡಕದ ನಂಬರು ಏರಿತು. ತಪ್ಪಾಯಿತು ಎಂದು ತವನಪ್ಪನ ಮುಂದೆ ಕೂಡ ಒಪ್ಪಿಕೊಳ್ಳಲಿಲ್ಲ. ವರ್ಷವೊಂದು ಕಳೆದ ಮೇಲೆ ಅಲ್ಲಿಂದ ಒಂದಿಷ್ಟು ಗಂಭೀರ ಶಬ್ದಗಳನ್ನು ಹೆಕ್ಕಿ ತನ್ನ ಪತ್ರಗಳಲ್ಲಿ ಪೋಣಿಸಲು ಕಲಿತಳು. ಋತುಗಳ ಹಳೆಯ ಹೆಸರು, ಗೌರವದ ಕ್ರಿಯಾಪದ, ಕಾವ್ಯದ ಒಂದು ಸಾಲು. ಪತ್ರಗಳು ನಾಲ್ಕು ಹಾಳೆ, ಐದು ಹಾಳೆ ಆದವು. ಬರೆದು ಮುಗಿಸಿದಾಗ ಅವಳಿಗೆ ಹೆಮ್ಮೆ. ಪುಮಕ್ಕ ಓದಿ ಎಷ್ಟು ಖುಷಿಪಟ್ಟಾರು!

ಅತ್ತಲಿಂದ ಬರುವ ಪತ್ರಗಳು ಮಾತ್ರ ಸಣ್ಣವಾಗುತ್ತ ಬಂದವು. ಮೊದಲು ಒಂದು ಹಾಳೆ, ಆಮೇಲೆ ಅರ್ಧ, ಆಮೇಲೆ ನಾಲ್ಕು ಸಾಲು. ಫುಮಿಕೊಗೆ ಎರಡನೆಯ ಸಲ ಲಕ್ವಾ ಹೊಡೆದಿತ್ತು, ಅದು ಇವಳಿಗೆ ತಿಳಿದದ್ದು ತಡವಾಗಿ. ಎರಡು ಸಾವಿರದ ಹತ್ತರ ನವೆಂಬರಿನಲ್ಲಿ ಬಂದ ಲಕೋಟೆಯಲ್ಲಿ ಮಾತೇ ಇರಲಿಲ್ಲ. ಒಂದು ಹಾಳೆಯ ತುಂಬ ಅಂಕಿ. ಸಾಲಿಗೆ ಎರಡು ಅಂಕಿ, ನಡುವೆ ಒಂದು ಸಣ್ಣ ಗೆರೆ. ಕೊನೆಗೆ ಹೆಸರಿನ ಜಾಗದಲ್ಲಿ ಒಂದು ವಕ್ರ ಗೀಟು.

ಚಂದ್ರಮತಿ ಆ ಹಾಳೆಯನ್ನು ಕಾಗವಾಡದ ಒಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಲಕ್ವಾ ಹೊಡದವರಿಗೆ ಕೈ ಪಳಗ್ಲಿ ಅಂತ ಅಂಕಿ ಬರಸ್ತಾರ್ರಿ ಬಾಯಾರ. ತಲಿ ಹೋದ ಮ್ಯಾಲ ಅದಷ್ಟ ಉಳೀತೈತಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬಸ್ಸಿನಲ್ಲಿ ಬರುವಾಗ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಪುಮಕ್ಕನ ತಲೆ ಹೋಯಿತು. ಇನ್ನು ಏನು ಬರೆದರೂ ಅವರಿಗೆ ತಿಳಿಯಲಿಕ್ಕಿಲ್ಲ. ಆದರೂ ಬರೆಯುವುದು ಬಿಡಬಾರದು, ಪರಿಚಯದ ಒಂದು ಕೈಬರಹವಾದರೂ ಅವರ ಕಣ್ಣಿಗೆ ಬೀಳುತ್ತಿರಲಿ ಎಂದುಕೊಂಡಳು. ಇನ್ನಷ್ಟು ಉದ್ದ ಬರೆದಳು, ಇನ್ನಷ್ಟು ಚೆಂದ ಬರೆದಳು. ಹದಿನಾಲ್ಕು ತಿಂಗಳಲ್ಲಿ ಅಂಕಿಯ ಹಾಳೆಗಳು ಹನ್ನೊಂದು ಬಂದವು. ಮೂರನೆಯದರಿಂದ ಮುಂದೆ ಅವಳು ಅವನ್ನು ಬಿಚ್ಚಿ ನೋಡಿ ಹಾಗೆಯೇ ಡಬ್ಬಿಗೆ ಹಾಕುತ್ತಿದ್ದಳು. ನೋಡಲು ಆಗುತ್ತಿರಲಿಲ್ಲ.

ಎರಡು ಸಾವಿರದ ಹನ್ನೆರಡರ ಫೆಬ್ರವರಿಯಲ್ಲಿ ಫುಮಿಕೊ ತೀರಿಕೊಂಡ ಸುದ್ದಿ ಬಂತು. ಚಂದ್ರಮತಿ ಬಸದಿಗೆ ಹೋಗಿ ತಾಳೆಗರಿಯ ಕಪಾಟಿನ ಎದುರು ಕುಳಿತು ಬಂದಳು. ಕರ್ಮ ಕಳೆಯಿತು, ಬಿಡುಗಡೆ ಆಯಿತು ಎಂದು ಊರವರು ಸಮಾಧಾನ ಹೇಳಿದರು. ಅವಳೂ ಹಾಗೆಯೇ ಅಂದುಕೊಳ್ಳಲು ನೋಡಿದಳು.

ಮೇ ತಿಂಗಳ ಒಂದು ಬೆಳಿಗ್ಗೆ ಅಂಚೆ ಕಚೇರಿಯ ಜ್ಞಾನದೇವ ಅವಳಿಗೆ ಹೇಳಿ ಕಳಿಸಿದ. ಬೌದ್ಧರ ಓಣಿಯ ಜ್ಞಾನದೇವ ಅವಳ ಹಳೆಯ ವಿದ್ಯಾರ್ಥಿ, ಈಗ ಊರಿನ ಪೋಸ್ಟ್ ಮಾಸ್ತರ. ಹತ್ತು ವರ್ಷದ ಜಪಾನಿ ಪತ್ರಗಳೆಲ್ಲ ಬಂದದ್ದು ಅದೇ ಟಪಾಲಿನಲ್ಲಿ.

"ಬಾಯಾರ, ಪಾರ್ಸೆಲ್ ಬಂದೈತ್ರಿ. ಒಳಗ ಪುಸ್ತಕ ಅಂತ ಮ್ಯಾಲ ಬರದಾರ." ಅವನು ಸಂಕೋಚದಿಂದ ಕೆಮ್ಮಿದ. "ನಿಮ್ಮ ನೇಮ ನನಗೂ ಗೊತ್ತೈತ್ರಿ. ಇಟ್ಕೋತೀರೋ, ವಾಪಸ್ ಹಾಕ್ಲ್ಯೋ?"

"ಇಲ್ಲೇ ಒಡದ ನೋಡ್ತೇನಿ. ಮನಿಗೆ ಒಯ್ಯೂದಿಲ್ಲ," ಎಂದಳು ಚಂದ್ರಮತಿ.

ಜ್ಞಾನದೇವ ಕತ್ತರಿ ಕೊಟ್ಟ. ಒಳಗಿದ್ದದ್ದು ಕೆಂಪು ರಟ್ಟಿನ ಮಕ್ಕಳ ನಿಘಂಟು. ಅಂಚು ಸವೆದು ನೂಲು ಎದ್ದಿತ್ತು, ಬೆನ್ನಿಗೆ ಟೇಪು ಹಚ್ಚಿತ್ತು. ಪುಟಪುಟದಲ್ಲೂ ಶಬ್ದಗಳ ಪಕ್ಕ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದ ಗುರುತು. ಜೊತೆಗೆ ತಮ್ಮನ ಮಗಳ ಇಂಗ್ಲಿಷ್ ಚೀಟಿ. ಚಂದ್ರಮತಿ ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ಎರಡನೆಯ ಲಕ್ವಾದ ಮೇಲೆ ಅತ್ತೆಗೆ ಶಬ್ದ ಬರೆಯಲು ಆಗುತ್ತಿರಲಿಲ್ಲ. ಆದರೆ ಈ ಪುಸ್ತಕದಲ್ಲಿ ಬೇಕಾದ ಶಬ್ದವನ್ನು ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದರು. ನಿಮಗೆ ಬರೆದ ಅಂಕಿಗಳಲ್ಲಿ ಮೊದಲನೆಯದು ಪುಟ, ಎರಡನೆಯದು ಆ ಪುಟದ ಎಷ್ಟನೆಯ ಶಬ್ದ ಎಂಬುದು. ನಿಮ್ಮ ಹತ್ತಿರವೂ ಇದೇ ಪುಸ್ತಕ ಇದೆ ಎಂದು ಅತ್ತೆ ನನಗೆ ನಿಮ್ಮ ಪತ್ರ ತೋರಿಸಿದ್ದರು. ನೀವು ಹಾಗೆಯೇ ಅಂಕಿಯಲ್ಲಿ ಉತ್ತರ ಬರೆಯುತ್ತೀರಿ ಎಂದು ಟಪಾಲಿನ ದಾರಿ ಕಾಯುತ್ತಿದ್ದರು. ಪುಸ್ತಕ ಇದ್ದವರಿಗೆ ತಾನಾಗಿಯೇ ತಿಳಿಯುತ್ತದೆ ಎಂದು ನಾನೂ ಬಿಡಿಸಿ ಬರೆಯಲಿಲ್ಲ. ಇದು ಈಗ ನಿಮ್ಮದಾಗಿರಲಿ.

ಪುಮಕ್ಕನ ತಲೆ ಹೋಗಿರಲಿಲ್ಲ.

ಚಂದ್ರಮತಿ ಅಂಚೆ ಚೀಲಗಳ ಮೇಲೆ ಕುಳಿತುಬಿಟ್ಟಳು. ಜ್ಞಾನದೇವ ನೀರು ತಂದುಕೊಟ್ಟ, ಕುಡಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಪುಸ್ತಕ ಕೈಗೆತ್ತಿಕೊಂಡಳು.

"ಎಲ್ಲಿ ಸಹಿ ಮಾಡ್ಲಿ?"

"ಇಲ್ಲೇ ಇರ್ಲಿ ಬಿಡ್ರಿ ಬಾಯಾರ. ದಿನಾ ಬಂದ ಕುಂತ ಓದ್ರಿ, ನೇಮಾನೂ ಉಳೀತೈತಿ."

"ಸಹಿ ಎಲ್ಲಿ ಹೇಳೋ."

ಅವಳು ಹಿಂದಿನ ಓಣಿಯಿಂದ ಹೋಗಬಹುದಿತ್ತು. ನಡುಬೀದಿಯಿಂದಲೇ ಹೋದಳು, ಪುಸ್ತಕವನ್ನು ಸೆರಗಿನಲ್ಲಿ ಮುಚ್ಚದೆ. ಕಟ್ಟೆಯ ಮೇಲೆ ರಾವಸಾಹೇಬ ಕುಳಿತಿದ್ದರು.

"ಬಾಯಾರ, ಕೈಯಾಗೇನ?"

"ಪುಸ್ತಕ."

"ಮತ್ತ ನೇಮ?"

"ಮುರೀತ್ರಿ," ಎಂದಳು. ಐದು ವರ್ಷ ಕಾಪಾಡಿದ್ದು ಎರಡು ಹೆಜ್ಜೆಯಲ್ಲಿ ಹೋಯಿತು. ಅದರ ದುಃಖ ಅವಳಿಗೆ ಆಗ ಆಗಲಿಲ್ಲ. ನೇಮ ಮುರಿಯುವ ಧೈರ್ಯ ಇದ್ದವಳು ನಾಲ್ಕು ವರ್ಷ ಮೊದಲೇ ಯಾಕೆ ಮುರಿಯಲಿಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಹನ್ನೊಂದು ಹಾಳೆ ಹರಡಿಕೊಂಡು ಕುಳಿತಳು. ಪುಟ ತಿರುವಿ, ಬೆರಳಿನಿಂದ ಎಣಿಸಿ, ಸಿಕ್ಕಿದ ಶಬ್ದವನ್ನು ಅಂಕಿಯ ಮುಂದೆ ಕನ್ನಡದಲ್ಲಿ ಬರೆಯತೊಡಗಿದಳು. ಈ ಪುಸ್ತಕದಲ್ಲಿ ಅವಳಿಗೆ ತಿಳಿಯದ ಅರ್ಥ ಒಂದೂ ಇರಲಿಲ್ಲ. ಮೊದಲ ಹಾಳೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕೈ. ಕೆಟ್ಟ. ಬೆರಳು. ಪುಸ್ತಕ. ಮಾತು. ಬಂತು. ಸಂತೋಷ. ಎರಡನೆಯದರಲ್ಲಿ ಹಿಮ, ಕಿಟಕಿ, ಹೊಳೆ, ನೆನಪು. ಕೃಷ್ಣೆಯ ಹೆಸರು ಆ ನಿಘಂಟಿನಲ್ಲಿ ಎಲ್ಲಿ ಸಿಗಬೇಕು, ಹೊಳೆ ಎಂದಷ್ಟೇ ತೋರಿಸಿದ್ದರು.

ಮೂರನೆಯ ಹಾಳೆ. ನಿನ್ನ. ಪತ್ರ. ಉದ್ದ. ಕಠಿಣ. ಓದು. ಆಗದು.

ನಾಲ್ಕನೆಯದರಲ್ಲಿ ಎರಡೇ ಶಬ್ದ. ಅಂಕಿ. ಬರೆ. ಐದನೆಯದರಲ್ಲೂ ಅವೇ ಎರಡು, ಜೊತೆಗೆ ದಯವಿಟ್ಟು. ಅದೇ ಬೇಡಿಕೆ ಆರರಲ್ಲಿ, ಏಳರಲ್ಲಿ, ಎಂಟರಲ್ಲಿ. ಆ ತಿಂಗಳುಗಳಲ್ಲಿ ತಾನು ಏನು ಬರೆದು ಕಳಿಸಿದ್ದೆ ಎಂಬುದು ಚಂದ್ರಮತಿಗೆ ನೆನಪಿತ್ತು. ಶರತ್ಕಾಲದ ಏಳು ಹಳೆಯ ಹೆಸರುಗಳನ್ನು ಬರೆದಿದ್ದಳು. ಒಬ್ಬ ಹೆಂಗಸು ಮಂಚದ ಮೇಲೆ ಕುಳಿತು, ತನ್ನದೇ ಭಾಷೆಯ ಆ ಐದು ಹಾಳೆಗಳನ್ನು ಕೈಯಲ್ಲಿ ಹಿಡಿದು, ಒಂದಕ್ಷರವೂ ಹತ್ತದೆ, ಅವನ್ನು ಪಕ್ಕಕ್ಕಿಟ್ಟು ಮತ್ತೆ ಈ ಪುಸ್ತಕ ತೆರೆಯುವುದು ಅವಳ ಕಣ್ಣಿಗೆ ಕಟ್ಟಿತು. ಬರೆದವಳು ತಾನು. ದೂರುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಒಂಬತ್ತು, ಹತ್ತು ಮುಗಿಸಿದಾಗ ಹೊತ್ತು ಇಳಿದಿತ್ತು. ಊಟದ ವೇಳೆಯಾಯಿತು ಎಂದು ಕರೆಯಲು ತವನಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೊನೆಯ ಹಾಳೆಯಲ್ಲಿ ಎರಡು ಸಾಲು ಇದ್ದವು. ಚಂದ್ರಮತಿ ಮೊದಲನೆಯದನ್ನು ಹುಡುಕಿದಳು. ನೀನು. ಎರಡನೆಯದನ್ನು ಹುಡುಕಿ, ಎಣಿಸಿ, ತಪ್ಪಿತೇನೋ ಎಂದು ಮತ್ತೆ ಎಣಿಸಿ, ಪೆನ್ಸಿಲು ಕೆಳಗಿಟ್ಟಳು. ಅಕ್ಕ ಎದೆ ಹಿಡಿದುಕೊಂಡು ಅಳುವುದನ್ನು ತವನಪ್ಪ ಅಲ್ಲಿಯವರೆಗೆ ನೋಡಿದವನಲ್ಲ, ಗಂಡನ ಮನೆಯಿಂದ ಬಂದ ದಿನ ಕೂಡ.

"ಏನ ಬರದಾರಕ್ಕಾ ಪುಮಕ್ಕಾರ?"

"ನಿನಗ ಸಿಟ್ಟ ಬಂದೈತೇನ ಅಂತ ಕೇಳ್ಯಾರೋ."

ತವನಪ್ಪ ಗಲಿಬಿಲಿಗೊಂಡ. ಅಕ್ಕನ ಪಕ್ಕದಲ್ಲಿ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟ. "ಮತ್ತ ಅದಕ್ಯಾಕ ಅಳ್ತಿ? ಇಲ್ಲ ಅಂತ ಬರದ ಹಾಕ," ಎಂದ. ಮಾತು ಬಾಯಿಂದ ಹೊರಟ ಮೇಲೆ ಅವನಿಗೆ ನೆನಪಾಗಿ ತಲೆ ತಗ್ಗಿಸಿದ.

ಚಂದ್ರಮತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಇಲ್ಲ ಎಂಬ ಶಬ್ದ ನಲವತ್ತೊಂದನೆಯ ಪುಟದಲ್ಲಿತ್ತು, ಮೇಲಿನಿಂದ ಆರನೆಯದು.